ಮಂಡ್ಯ ಸೀಮೆಯ ಪಾತ್ರಚಿತ್ರಣ: ಒಂದು ಪ್ರತ್ಯಕ್ಷ-ಪರೋಕ್ಷ ಮೀಮಾಂಸೆ

ಪ್ರಸ್ತುತ ಪ್ರಬಂಧವು ಸಣ್ಣಕತೆಯ ಪಾತ್ರಚಿತ್ರಣಾತ್ಮಕ ಸಂಕಥನದ ಅಂತರ್ಬಹಿರ್ ಸಂರಚನೆಯನ್ನು ಮಂಡ್ಯ, ಮದ್ದೂರು, ಮಳವಳ್ಳಿಗಳ ನೆಲೆಯಲ್ಲಿ ನಿಷ್ಕರ್ಷಿಸುವ ಉದ್ದೇಶವನ್ನು ಹೊಂದಲಾಗಿದೆ. (ಸಂಶೋಧನೆಯ ವಾಕ್ಯಕ್ಕೆ ಕರ್ತೃವನ್ನು ಹುಡುಕಬಾರದು.)

ಪಾತ್ರಚಿತ್ರಣ ಎರಡು ಬಗೆ. ‘ಇವನು ಜಿಪುಣ’ ಎಂದು ಕತೆಗಾರನೇ ಹೇಳಿದರೆ ಪ್ರತ್ಯಕ್ಷ. ಅವನ ಮಾತು ನಡತೆಯಿಂದ ನಮಗೇ ಗೊತ್ತಾದರೆ ಪರೋಕ್ಷ. ಹೇಳುವುದಕ್ಕೆ ಎರಡು ನಿಮಿಷ ಸಾಕು. ವಿಚಾರ ಸಂಕಿರಣದಲ್ಲಾದರೆ ಒಂದು ಮಧ್ಯಾಹ್ನ, ಜೊತೆಗೆ ಊಟದ ಕೂಪನ್ನು.

ಪ್ರತ್ಯಕ್ಷಕ್ಕೆ ಮೇರು ನಿದರ್ಶನ ಮಳವಳ್ಳಿ ತಾಲ್ಲೂಕಿನದು. ಬೊಪ್ಪೇಗೌಡನಪುರದ ಮಂಟೇಸ್ವಾಮಿಯನ್ನು, ಅವರ ಕತೆ ಹಾಡುವ ನೀಲಗಾರರು ‘ಧರೆಗೆ ದೊಡ್ಡವರು’ ಎಂದೇ ಕರೆಯುವುದು. ಪಾತ್ರ ಬಾಯಿಬಿಡುವ ಮೊದಲೇ ತೀರ್ಪು ಬಂದಾಯಿತು. ಆದರೆ ಆ ದೊಡ್ಡವರು ಕಲ್ಯಾಣ ಪಟ್ಟಣಕ್ಕೆ ಬರುವುದು ಕುಷ್ಠರೋಗಿಯ ವೇಷದಲ್ಲಿ, ಬಾಗಿಲಲ್ಲೇ ಅವರನ್ನು ತಡೆಯುತ್ತಾರೆ. ಇದನ್ನು ‘ಪ್ರತ್ಯಕ್ಷೋಪಹತ ಪರೋಕ್ಷತೆ’ ಎನ್ನೋಣ. ಅರ್ಥ ಯಾರೂ ಕೇಳುವುದಿಲ್ಲ, ಧೈರ್ಯವಾಗಿರಿ.

ಶುದ್ಧ ಪರೋಕ್ಷ ಬೇಕೆಂದರೆ ಆಲೆಮನೆಗೆ ಹೋಗಬೇಕು. ‘ನಮ್ಮ ಹುಡುಗಿಗೆ ನೋಡಿರೋ ಗಂಡು ಹೆಂಗಣ್ಣ?’ ಎಂದು ಕೇಳಿದರೆ ಕೊಪ್ಪರಿಗೆಯ ಮುಂದೆ ನಿಂತವನು ಕೆಟ್ಟವನು ಎನ್ನುವುದಿಲ್ಲ, ಒಳ್ಳೆಯವನು ಎಂದೂ ಅನ್ನುವುದಿಲ್ಲ. ‘ಮೊನ್ನೆ ಬಂದಿದ್ದ ಕಣಣ್ಣೋ. ಒಂದಚ್ಚು ಬೆಲ್ಲ ತಿಂದ. ನನ್ನ ಟವಲ್‌ಗೇ ಕೈ ಒರೆಸ್ಕಂಡ. ಓದ.’ ಸಂಬಂಧ ಅಲ್ಲಿಗೇ ಮುರಿಯಿತು. ಇದರಲ್ಲಿ ಬೆಲ್ಲಮೂಲ, ಟವಲ್‌ಕೇಂದ್ರಿತ, ನಿರ್ಗಮನಸೂಚಕ ಮುಂತಾಗಿ ಏಳು ಉಪಭೇದಗಳಿವೆ. ನಾಲ್ಕನೆಯದು... ಬೇಡ ಬಿಡಿ.

ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿ ರಾಮಣ್ಣ (1938–1998) ವೃತ್ತಿಯಲ್ಲಿ ಡಾಕ್ಟರು. ಅವರ ‘ಗಾಂಧಿ’ ಕತೆಯನ್ನು ಪಿಯುಸಿ ಮಕ್ಕಳಿಗೆ ಪಾಠವಾಗಿ ಇಟ್ಟಿದ್ದರು. ಆಸ್ಪತ್ರೆಗೆ ಬಂದ ಬಡ ಹುಡುಗನ ಹೆಸರೇ ಗಾಂಧಿ. ಹಾಗೆ ಹೆಸರಿಟ್ಟದ್ದು ಪ್ರತ್ಯಕ್ಷವೋ ಪರೋಕ್ಷವೋ? ವಿದ್ವಾಂಸರಲ್ಲಿ ಒಮ್ಮತವಿಲ್ಲ. ಒಬ್ಬರು ‘ವ್ಯಂಗ್ಯಗರ್ಭಿತ ನಾಮಕರಣ’ ಅನ್ನುತ್ತಾರೆ, ಇನ್ನೊಬ್ಬರು ‘ಪ್ರತಿಮಾತ್ಮಕ ಸ್ಥಾನಾಂತರ’ ಅನ್ನುತ್ತಾರೆ.

ಅಲ್ಲ ಸ್ವಾಮಿ, ಅಲ್ಲೊಂದು ಮಗು ನರಳುತ್ತಾ ಮಲಗಿದೆ! ರೋಗಿಯ ಮೈ ಮುಟ್ಟಿ ನೋಡಿದ ಕೈಯಿಂದ ಬಂದ ಕತೆ ಅದು. ಅದರ ಮುಂದೆ ನಿಂತು ಹೊಳೆಯುವ ಪ್ರಶ್ನೆ ನಿಮಗೆ ಇದೊಂದೇನಾ? ಆಸ್ಪತ್ರೆಗೆ ಆ ಹುಡುಗ ಒಂದು ಕೇಸು, ನಮಗೆ ಒಂದು ವಿಧಾನ.

ಪಿಯುಸಿ ತರಗತಿಯಲ್ಲಿ ಮೇಷ್ಟರು ಈ ಕತೆಗೆ ನೋಟ್ಸ್ ಬರೆಸುತ್ತಿರುವಾಗ ಕೊನೇ ಬೆಂಚಿನ ಹುಡುಗಿಗೆ, ತಮ್ಮಜ್ಜನನ್ನು ಆಸ್ಪತ್ರೆ ಕಾರಿಡಾರಿನಲ್ಲಿ ಚಾಪೆ ಹಾಸಿ ಮಲಗಿಸಿದ್ದು ನೆನಪಾಗಿರಬಹುದು. ಕೇಳಿದ್ದರೆ ಆಲೆಮನೆಯವನಷ್ಟೇ ಚೆನ್ನಾಗಿ ಹೇಳುತ್ತಿದ್ದಳು: ಯಾರು ಎಷ್ಟು ಇಸ್ಕೊಂಡರು, ನರ್ಸಮ್ಮ ಯಾವ ಕಡೆ ಮುಖ ತಿರುಗಿಸಿದಳು ಎಂದೆಲ್ಲ. ಯಾರೂ ಕೇಳಲಿಲ್ಲ. ಅವಳು ಬರೆದುಕೊಂಡಳು: ‘ಪರೋಕ್ಷ ವಿಧಾನ, ಅದರ ಆರು ಲಕ್ಷಣಗಳು.’ ಮೂರು ಅಂಕ ಬಂದೀತು. ಅಕ್ಷರ ದುಂಡಗಿದ್ದರೆ ನಾಲ್ಕು.