ಬಿಳಿ ಕಾರಿನ ಕಪ್ಪು ಚಕ್ರಗಳ ಒಡೆಯರಿಗೆ

ಪೀಳಮೇಡಿನ ನಮ್ಮ ಬೀದಿಯ ಬಿಳಿ ಕಾರಿನ ಅಣ್ಣನವರಿಗೆ,

ನಾಲ್ಕು ಮನೆ ಆಚೆಯವನ ನಮಸ್ಕಾರಗಳು. ಮನೆಗೇ ಬಂದು ಹೇಳಬಹುದಿತ್ತು. ಆದರೆ ಬಂದರೆ ಅತ್ತಿಗೆ ಕಾಫಿ ಕೊಡುತ್ತಾರೆ. ಕಾಫಿ ಕುಡಿದ ಬಾಯಲ್ಲಿ ಇಂಥ ಮಾತು ಹೊರಡುವುದಿಲ್ಲ. ಅಲ್ಲದೆ ನಿಮ್ಮ ಕಾರಿನಂಥ ಕಾರುಗಳು ಕೊಯಮತ್ತೂರು, ತಿರುಪ್ಪೂರುಗಳಲ್ಲಷ್ಟೇ ಅಲ್ಲ, ಮೈಸೂರು ಬೆಂಗಳೂರುಗಳಲ್ಲೂ ಬೀದಿಗೆ ಹತ್ತು ನಿಂತಿವೆ. ಅದಕ್ಕೇ ಈ ಬಹಿರಂಗ ಪತ್ರ. ನಿಮ್ಮ ಹೆಸರು ಹಾಕಿಲ್ಲ, ಕಾರಿನ ನಂಬರೂ ಹಾಕಿಲ್ಲ. ಚಕ್ರ ನೋಡಿದವರಿಗೆ ಗುರುತು ಸಿಕ್ಕರೆ ಅದಕ್ಕೆ ನಾನು ಹೊಣೆಯಲ್ಲ.

ಮೊದಲು ಮೆಚ್ಚುಗೆಯ ಮಾತು. ಬೆಳಗ್ಗೆ ಆರಕ್ಕೆಲ್ಲ ನೀವು ಹಳದಿ ಬಟ್ಟೆ ಹಿಡಿದು ಬಾನೆಟ್ಟು ಒರೆಸುವ ಶ್ರದ್ಧೆ ನಮ್ಮ ಬೀದಿಗೇ ಮಾದರಿ. ಬೇವಿನ ಮರದ ಒಂದು ಎಲೆ ಗಾಜಿನ ಮೇಲೆ ಬಿದ್ದರೆ ನಿಮಗೆ ಸಹಿಸಲಾಗದು. ಆದರೆ ಆ ಬಟ್ಟೆ ಬಾಗಿಲಿನ ಕೆಳಅಂಚಿಗೆ ಬಂದು ನಿಂತುಬಿಡುತ್ತದೆ. ಅಲ್ಲಿಂದ ಕೆಳಗಿನದು ಬೇರೆಯವರ ಆಸ್ತಿಯೇನೋ ಎಂಬಂತೆ ನೀವು ಎದ್ದು ಒಳಗೆ ಹೋಗುತ್ತೀರಿ. ಒಂದು ಆಯುಧಪೂಜೆಯಿಂದ ಇನ್ನೊಂದು ಆಯುಧಪೂಜೆವರೆಗೆ ಆ ನಾಲ್ಕು ಚಕ್ರಗಳ ಮುಖವನ್ನು ನೀವು ನೋಡಿದ್ದನ್ನು ನಾನು ಕಂಡಿಲ್ಲ.

ಇದು ಸೋಮಾರಿತನವೆಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ನೀವು ಸಂಗ್ರಹಾಲಯ ನಡೆಸುತ್ತಿದ್ದೀರಿ. ಅವಿನಾಶಿ ರಸ್ತೆಯಲ್ಲಿ ಜಿ.ಡಿ. ನಾಯ್ಡು ಹೆಸರಿನ ಕಾರ್ ಮ್ಯೂಸಿಯಂ ಇದೆಯಲ್ಲ, ಅದರಲ್ಲಿ ಹಳೆಯ ಕಾರುಗಳನ್ನು ಒರೆಸಿ ಇಟ್ಟಿದ್ದಾರೆ. ನಿಮ್ಮದರಲ್ಲಿ ಒರೆಸದೆ ಇಟ್ಟಿದ್ದೀರಿ, ಅಷ್ಟೇ ವ್ಯತ್ಯಾಸ. ಮೇಲಿನ ಪದರದಲ್ಲಿ ಪೊಳ್ಳಾಚಿಯ ತೆಂಗಿನ ನಾರಿನ ಪುಡಿ. ಅದರಡಿ ಪಲ್ಲಡಂ ಕಡೆಯ ಕೋಳಿ ಫಾರಂ ರಸ್ತೆಯ ಗೊಬ್ಬರ, ಒಂದೆರಡು ಪುಕ್ಕ. ಆಮೇಲೆ ಸಿಮೆಂಟು: ಉಪ್ಪಿಲಿಪಾಳಯದಿಂದ ಗೋಲ್ಡ್‌ವಿನ್ಸ್‌ವರೆಗೆ 10.1 ಕಿಲೋಮೀಟರ್ ಮೇಲ್ಸೇತುವೆ ಕಟ್ಟುವಷ್ಟು ವರ್ಷವೂ ಅದರಡಿಯಲ್ಲೇ ಓಡಾಡಿದವರು ನೀವು. 2025ರ ಅಕ್ಟೋಬರಿನಲ್ಲಿ ಸೇತುವೆಗೆ ನಾಯ್ಡು ಅವರ ಹೆಸರಿಟ್ಟು ಉದ್ಘಾಟನೆಯೂ ಆಯಿತು. ಅದರ ಸಿಮೆಂಟು ಮಾತ್ರ ನಿಮ್ಮ ರಿಮ್ಮಿನ ಕಂಬಿಗಳ ಹಿಂದೆ ಇನ್ನೂ ಗಟ್ಟಿಯಾಗಿ ಕೂತಿದೆ. 1920ರಲ್ಲಿ ಒಂದೇ ಒಂದು ಬಸ್ಸಿಟ್ಟುಕೊಂಡು ಪೊಳ್ಳಾಚಿ–ಪಳನಿ ನಡುವೆ ಓಡಿಸಿ ಬದುಕು ಕಟ್ಟಿದ ಮನುಷ್ಯ ಅವರು. ನಿಮ್ಮ ಚಕ್ರ ನೋಡಿದ್ದರೆ ಏನನ್ನುತ್ತಿದ್ದರೋ.

ಎಲ್ಲಕ್ಕಿಂತ ಕೆಳಗಿನ ಪದರ ದಿಂಬಂ ಘಾಟಿಯದು. ದಸರೆಗೆ, ಯುಗಾದಿಗೆ ಮೈಸೂರಿಗೆ ಹೋಗಿ ಬರುವಾಗ ಚಾಮರಾಜನಗರ, ಹಾಸನೂರು ದಾಟಿ ದಿಂಬಂ ನೆತ್ತಿಗೆ ಬರುತ್ತೀರಿ. ಅಲ್ಲಿಂದ ಬಣ್ಣಾರಿ ಅಮ್ಮನ ಗುಡಿವರೆಗೆ 27 ತಿರುವುಗಳ ಇಳಿಜಾರು. ಎರಡನೇ ಗೇರಿನಲ್ಲಿ ಇಳಿದರೆ ಅರ್ಧ ಕೆಲಸವನ್ನು ಎಂಜಿನ್ನೇ ಮಾಡುತ್ತದೆ. ನೀವು ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲ್‌ಗೆ ಹಾಕಿ, ಅಷ್ಟೂ ತಿರುವಿನಲ್ಲಿ ಬ್ರೇಕು ಒತ್ತಿಕೊಂಡೇ ಇಳಿಯುವವರು. ಉಳಿದ ಪೆಟ್ರೋಲು ಎಷ್ಟೋ ತಿಳಿಯದು, ಬ್ರೇಕ್ ಪ್ಯಾಡು ಸವೆದದ್ದು ಮಾತ್ರ ಚಕ್ರದ ಮೇಲೆ ಕಾಣುತ್ತಿದೆ. ಬ್ರೇಕು ಒತ್ತಿದಾಗಲೆಲ್ಲ ಪ್ಯಾಡೂ ಬೀಡುಕಬ್ಬಿಣದ ಡಿಸ್ಕೂ ಒಂದಿಷ್ಟು ಸವೆದು ಬಿಸಿ ಪುಡಿಯಾಗಿ ಹಾರುತ್ತವೆ. ಕಬ್ಬಿಣದ ಆ ಕಣಗಳು ಅಲಾಯ್ ಚಕ್ರದ ಮೇಲಿನ ತೆಳು ವಾರ್ನಿಷ್‌ನಲ್ಲಿ ನಾಟಿಕೊಳ್ಳುತ್ತವೆ. ಮಳೆ, ಮಂಜು ಬಿದ್ದಾಗ ಅಲ್ಲೇ ತುಕ್ಕು ಹಿಡಿಯುತ್ತವೆ. ಬರೀ ಮಣ್ಣಾಗಿದ್ದರೆ ಒಂದು ಬಕೆಟ್ ನೀರಿಗೆ ಹೋಗುತ್ತಿತ್ತು. ಇದು ಹೋಗುವುದಿಲ್ಲ. ಉಜ್ಜಿದರೆ ಅದೇ ಕಣ ಮರಳು ಕಾಗದವಾಗಿ ವಾರ್ನಿಷ್ಷನ್ನೇ ಗೀರುತ್ತದೆ.

ಈಗ ಆಯುಧಪೂಜೆಯ ಹಿಂದಿನ ಸಂಜೆಗೆ ಬರೋಣ. ವಾಟರ್ ಸರ್ವಿಸ್ ಅಂಗಡಿ ಮುಂದೆ ಮದುವೆ ಮನೆಯ ಊಟದ ಸಾಲು. ನಿಮ್ಮ ಸರದಿ ಬಂದಾಗ ಕತ್ತಲಾಗಿರುತ್ತದೆ. ದೂರದ ಬಿಹಾರದಿಂದಲೋ ಒಡಿಶಾದಿಂದಲೋ ಬಂದ ಹುಡುಗ ಬರಿಗಾಲಲ್ಲಿ ನಿಂತಿದ್ದಾನೆ. ನೀವು ಕಿಟಕಿ ಇಳಿಸಿ, “ತಂಬಿ, ವೀಲಿಗೆ ಆ್ಯಸಿಡ್ ಹಾಕಿ ಜಾಡಿಸಪ್ಪ, ಪಳಪಳ ಅನ್ನಬೇಕು” ಎನ್ನುತ್ತೀರಿ. ಕಕ್ಕಸು ತೊಳೆಯುವ ಹೈಡ್ರೋಕ್ಲೋರಿಕ್ ಆಮ್ಲ ಅದು. ಅಲ್ಯೂಮಿನಿಯಂ ಮೇಲೆ ಬಿದ್ದರೆ ಕೊಳೆಯ ಜೊತೆ ಚಕ್ರವನ್ನೂ ತಿನ್ನುತ್ತದೆ. ಆ ರಾತ್ರಿ ಪಳಪಳ ಎನ್ನುವುದು ನಿಜ. ಮುಂದೆ ಬಿಳಿಬಿಳಿ ಮಚ್ಚೆ ಏಳುವುದೂ ಅಷ್ಟೇ ನಿಜ. ಬೋಲ್ಟು, ಡಿಸ್ಕುಗಳಿಗೆ ತಗುಲಿದರೆ ತುಕ್ಕಿಗೆ ಆಮಂತ್ರಣ. ಬ್ಲೀಚಿಂಗ್ ದ್ರಾವಣ ಇದ್ದ ಬಕೆಟ್ಟಿಗೇ ಆ ಆ್ಯಸಿಡ್ಡು ಸುರಿದರೆ ಕ್ಲೋರಿನ್ ಅನಿಲ ಹುಟ್ಟುತ್ತದೆ. ಇನ್ನೂ ಕೆಟ್ಟದ್ದೊಂದಿದೆ: ಕೆಲವು ಕಡು ವೀಲ್ ಕ್ಲೀನರುಗಳಲ್ಲಿ ಹೈಡ್ರೋಫ್ಲೋರಿಕ್ ಆಮ್ಲವೋ ಅಮೋನಿಯಂ ಬೈಫ್ಲೋರೈಡೋ ಇರುತ್ತದೆ. ಚರ್ಮಕ್ಕೆ ತಗುಲಿದ ಕೂಡಲೇ ಉರಿಯದೆಯೂ ಇರಬಹುದು. ಗಂಟೆಗಟ್ಟಲೆ ಒಳಗೆ ಇಳಿದು, ಮೈಯ ಕ್ಯಾಲ್ಸಿಯಂ ಹಿಡಿದುಕೊಂಡು, ಮೂಳೆವರೆಗೂ ಹೋಗಬಲ್ಲದು. ಡಬ್ಬಿಯ ಮೇಲೆ ಆ ಹೆಸರು ಕಂಡರೆ ಕೆಳಗಿಟ್ಟು ಬನ್ನಿ.

ನೀವು ಡಬ್ಬಿ ಓದುವುದಿಲ್ಲ, ಸರಿ. ಅದು ಬೀಳುವುದು ನಿಮ್ಮ ಕೈಮೇಲೆ ಅಲ್ಲವಲ್ಲ.

ಪೂಜೆಯ ದಿನ ನಾಲ್ಕೂ ಚಕ್ರಕ್ಕೆ ವಿಭೂತಿ, ಗಂಧ, ಕುಂಕುಮ. ಒಂದೊಂದರಡಿ ಒಂದೊಂದು ನಿಂಬೆಹಣ್ಣು. ಚಕ್ರಕ್ಕೆ ಸಿಗುವ ಆ್ಯಸಿಡ್ ಅದೊಂದೇ ಆಗಿದ್ದರೆ ನನ್ನ ತಕರಾರೇ ಇರಲಿಲ್ಲ.

ಇನ್ನು ತೊಳೆದ ನೀರು. ನೀವು ತಿರುಪ್ಪೂರಿನಲ್ಲಿ ಬನಿಯನ್ ಕಂಪನಿ ಇಟ್ಟವರು. 2011ರ ಜನವರಿ ನಿಮಗೆ ಮರೆತಿರಲಾರದು. ನೊಯ್ಯಲ್ ನದಿಗೆ ಬಣ್ಣದ ನೀರು ಬಿಡುತ್ತಿದ್ದ ಡೈಯಿಂಗ್ ಘಟಕಗಳನ್ನೆಲ್ಲ ಮುಚ್ಚಿ ಎಂದು ಮದ್ರಾಸ್ ಹೈಕೋರ್ಟ್ ಹೇಳಿದಾಗ ಊರಿಗೆ ಊರೇ ಸ್ತಬ್ಧವಾಗಿತ್ತು. ಆಮೇಲೆ ಒಂದು ತೊಟ್ಟೂ ಹೊರಗೆ ಬಿಡದೆ ಶುದ್ಧೀಕರಿಸಿ ಮತ್ತೆ ಬಳಸುವ ವ್ಯವಸ್ಥೆ ಬಂತು. ಅದನ್ನು ನೀವು ಬಂದ ವಿದೇಶಿ ಗಿರಾಕಿಗಳಿಗೆಲ್ಲ ಎದೆಯುಬ್ಬಿಸಿ ತೋರಿಸುತ್ತೀರಿ, ತೋರಿಸಬೇಕಾದದ್ದೇ. ಆದರೆ ಅಣ್ಣ, ಆ ಸರ್ವಿಸ್ ಅಂಗಡಿಯ ಮುಂದೆ ಗ್ರೀಸು, ಡೀಸೆಲ್ಲು, ಬ್ರೇಕಿನ ಪುಡಿ ಕಲೆಸಿಕೊಂಡು ಚರಂಡಿಗೆ ಇಳಿಯುವ ಆ ಕಪ್ಪು ನೀರು ಯಾವ ಊರಿಗೆ ಹೋಗುತ್ತದೆ ಅಂದುಕೊಂಡಿರಿ? ಮಳೆ ಬಂದರೆ ಅದಕ್ಕೂ ಅದೇ ನೊಯ್ಯಲ್, ಮುಂದೆ ಕಾವೇರಿ. ಮಣ್ಣು, ಜಲ್ಲಿ ಇರುವ ಕಡೆ ಎರಡೇ ಬಕೆಟ್ ನೀರಿನಲ್ಲಿ ತೊಳೆದರೆ ಆ ಕೊಳೆಯ ಬಹುಪಾಲು ಚರಂಡಿಗೆ ಹೋಗುವುದಿಲ್ಲ. ನಲ್ಲಿಯಲ್ಲಿ ಬರುವ ನೀರನ್ನು ಮಾತ್ರ ಇದಕ್ಕೆ ಮುಟ್ಟಬೇಡಿ, ಅದು ಕುಡಿಯಲಿಕ್ಕೆ. ಬೋರಿನ ಉಪ್ಪು ನೀರೇ ಸಾಕು. ಅದು ಒಣಗಿದರೆ ಬಿಳಿ ಕಲೆ ಬಿಡುತ್ತದೆ, ಹಾಗಾಗಿ ಒಣಗುವ ಮೊದಲೇ ಒರೆಸಬೇಕು.

ಹಾಗಾದರೆ ಹೇಗೆ ತೊಳೆಯುವುದು ಎಂದು ನೀವು ಕೇಳುವುದಿಲ್ಲವೆಂದು ಗೊತ್ತು. ಆದರೂ ಹೇಳುತ್ತೇನೆ.

ಹೊರಗೆ ಹೋಗಿ ಬಂದ ಕೂಡಲೇ ತೊಳೆಯಬೇಡಿ. ಕಾದ ಡಿಸ್ಕಿಗೆ ತಣ್ಣೀರು ಎರಚಿದರೆ ಅದು ಬಾಗುವ ಅಪಾಯವುಂಟು. ಬೆಳಗಿನ ಹೊತ್ತು, ನೆರಳಲ್ಲಿ, ಸಮತಟ್ಟು ನೆಲದಲ್ಲಿ, ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿ. ಒಳಮೈ ಕಾಣಲೆಂದು ಬರೀ ಜ್ಯಾಕಿನ ಮೇಲೆ ಗಾಡಿ ಎತ್ತಿ ಅಡಿಗೆ ಕೈ, ತಲೆ ಹಾಕುವ ಸಾಹಸ ಬೇಡ. ಒಣ ಪುಡಿಯನ್ನು ಗ್ಯಾರೇಜಿನವರಂತೆ ಏರ್ ಗನ್ನಿನಿಂದ ಊದಬಾರದು, ಹಳೆಯ ಗಾಡಿಗಳಲ್ಲಂತೂ ಖಂಡಿತ ಬೇಡ. ಹಳೆಯ ಪ್ಯಾಡುಗಳಲ್ಲಿ ಕಲ್ನಾರು ಇದ್ದಿರಬಹುದು, ಉಸಿರಲ್ಲಿ ಹೋದರೆ ಶ್ವಾಸಕೋಶಕ್ಕೆ ಕೇಡು. ಮೊದಲು ನೆನೆಸಿ, ಆಮೇಲೆ ಮುಟ್ಟಿ. ರಬ್ಬರಿನ ಕೈಗವಸು ಹಾಕಿಕೊಳ್ಳಿ.

ಒಂದು ಸಲಕ್ಕೆ ಒಂದೇ ಚಕ್ರ. ನಾಲ್ಕಕ್ಕೂ ಒಟ್ಟಿಗೆ ಸೋಪು ಹಚ್ಚಿದರೆ ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಮೊದಲನೆಯದು ಒಣಗಿರುತ್ತದೆ. ಮೇಲಿನ ಮಡ್‌ಗಾರ್ಡಿನ ಒಳಗಿನಿಂದ ಶುರು ಮಾಡಿ, ನೀರು ಹಾಯಿಸಿ ಗಟ್ಟಿ ಮಣ್ಣು ಸಡಿಲಿಸಿ. ಪ್ರೆಶರ್ ಪಂಪಿದ್ದರೆ ಟೈರಿನ ಸೈಡ್‌ವಾಲಿನಿಂದ, ಅಂದರೆ ಪಕ್ಕದ ಗೋಡೆಯಿಂದ, ಒಂದಡಿ ದೂರವಿಡಿ. ಮೂತಿ ಹತ್ತಿರ ಹಿಡಿದರೆ ರಬ್ಬರಿಗೆ ಒಳಗಾಯವಾಗಬಹುದು. ಆಮೇಲೆ ಕಾರಿನ ಶಾಂಪೂ ನೀರು, ಟೈರಿಗೆ ಗಡಸು ಬ್ರಷ್, ರಿಮ್ಮಿಗೆ ಮೆತ್ತನೆಯದು. ಟೈರಿನಿಂದ ಮೊದಲು ಕಂದು ನೊರೆ ಬರುತ್ತದೆ. ಬಿಳಿ ನೊರೆ ಬರುವ ತನಕ ಉಜ್ಜಿ. ವರ್ಷಗಟ್ಟಲೆ ಬಿಟ್ಟ ಚಕ್ರವಾದರೆ ಎರಡು ಮೂರು ಸುತ್ತು ಬೇಕು, ಒಂದೇ ದಿನದಲ್ಲಿ ಮುಗಿಸುವ ಹಟ ಬೇಡ. ನಾಟಿಕೊಂಡ ಕಬ್ಬಿಣಕ್ಕೆ ಐರನ್ ರಿಮೂವರ್ ಎಂಬ ದ್ರವ ಸಿಗುತ್ತದೆ. ಅದರಲ್ಲಿರುವ ಥಯೋಗ್ಲೈಕೊಲೇಟ್ ಬ್ಯೂಟಿ ಪಾರ್ಲರಿನಲ್ಲಿ ಕೂದಲು ಗುಂಗುರು ಮಾಡುವ ದ್ರಾವಣದಲ್ಲೂ ಇರುತ್ತದೆ. ಸಿಂಪಡಿಸಿದ ಒಂದೆರಡು ನಿಮಿಷಕ್ಕೆ ಚಕ್ರ ನೇರಳೆ ಬಣ್ಣದಲ್ಲಿ ಅಳತೊಡಗುತ್ತದೆ, ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಗಾಬರಿ ಬೇಡ, ಕಬ್ಬಿಣ ಕರಗುತ್ತಿದೆ ಎಂದರ್ಥ. ಒಣಗಲು ಬಿಡದೆ ತೊಳೆದುಬಿಡಿ. ಟಾರು ಅಂಟಿದ್ದರೆ ಟಾರ್ ರಿಮೂವರನ್ನು ಬಟ್ಟೆಗೆ ಹಾಕಿ ರಿಮ್ಮಿಗಷ್ಟೇ ಒರೆಸಿ. ಸೀಮೆಎಣ್ಣೆ, ಡೀಸೆಲ್ಲನ್ನು ಟೈರಿನ ಹತ್ತಿರ ತರಬೇಡಿ, ರಬ್ಬರು ಉಬ್ಬಿ ಮೆತ್ತಗಾಗುತ್ತದೆ. ರಿಮ್ಮಿನ ಒಳಗಡೆ ಅಂಟಿಸಿರುವ ಚಿಕ್ಕ ಚಿಕ್ಕ ಚೌಕಗಳು ಕೊಳೆಯಲ್ಲ, ವೀಲ್ ಬ್ಯಾಲೆನ್ಸಿಂಗ್ ತೂಕಗಳು. ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಿದರೆ ಎಂಬತ್ತರ ವೇಗದಲ್ಲಿ ಸ್ಟಿಯರಿಂಗ್ ನಡುಗಿ ನಿಮಗೇ ತಿಳಿಸುತ್ತದೆ.

ಒರೆಸಲು ಏನು ಎಂದು ತಿರುಪ್ಪೂರಿನವರು ಕೇಳಬಾರದು. ದೇಶದ ಎಷ್ಟೋ ಗ್ಯಾರೇಜುಗಳು ಕೈ ಒರೆಸಿಕೊಳ್ಳುವುದು ನಿಮ್ಮೂರಿನ ಬನಿಯನ್ ವೇಸ್ಟಿನಲ್ಲೇ. ಕಿಲೋ ಲೆಕ್ಕದಲ್ಲಿ ನೀವೇ ಮಾರುತ್ತೀರಿ. ಅದರಲ್ಲಿ ಹೊಲಿಗೆ, ಗುಂಡಿ ಇಲ್ಲದ ಬಿಳಿ ತುಂಡುಗಳನ್ನು ಆರಿಸಿಕೊಳ್ಳಿ. ಚಕ್ರಕ್ಕೆ ಬಳಸಿದ್ದನ್ನು ಮರುದಿನ ಬಾನೆಟ್ಟಿಗೆ ಮುಟ್ಟಿಸಬೇಡಿ. ಅದರಲ್ಲಿ ಉಳಿದ ಕಬ್ಬಿಣದ ಪುಡಿ ನಿಮ್ಮ ಮುದ್ದಿನ ಬಿಳಿ ಬಣ್ಣದ ಮೇಲೆ ಗೀರೆಳೆಯುತ್ತದೆ. ಈ ಮಾತಾದರೂ ನಿಮ್ಮನ್ನು ತಟ್ಟೀತೆಂಬ ಆಸೆ ನನಗಿದೆ.

ಟೈರ್ ಪಾಲಿಷ್ ಬಗ್ಗೆ ಒಂದೇ ಮಾತು. ಟೈರು ಕಂದಾಗುವುದು ಕೊಳೆಯಿಂದ ಮಾತ್ರವಲ್ಲ. ಗಾಳಿಯ ಓಝೋನ್ ರಬ್ಬರನ್ನು ಬಿರಿಸದಿರಲೆಂದು ಒಳಗೆ ಬೆರೆಸುವ 6ಪಿಪಿಡಿಯಂಥ ರಾಸಾಯನಿಕ ಮೆಲ್ಲಗೆ ಮೇಲೆ ಬಂದು ಆ ಬಣ್ಣ ತಾಳುತ್ತದೆ. ಅದೇ ವಸ್ತು ಓಝೋನಿನೊಡನೆ ಸೇರಿ ಹುಟ್ಟುವ ವಿಷ ಮಳೆನೀರಲ್ಲಿ ಹರಿದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಕೋಹೋ ಸಾಲ್ಮನ್ ಮೀನುಗಳನ್ನು ಕೊಲ್ಲುತ್ತಿದೆ ಎಂದು 2020ರ ಕೊನೆಯಲ್ಲಿ ವಿಜ್ಞಾನಿಗಳು ಕಂಡುಕೊಂಡರು. ನಿಮ್ಮ ಪಾಲಿಷ್ ಇದ್ಯಾವುದನ್ನೂ ಸರಿಪಡಿಸುವುದಿಲ್ಲ, ಮುಚ್ಚುತ್ತದೆ. ಹಚ್ಚಲೇಬೇಕೆಂದರೆ ಪಕ್ಕದ ಗೋಡೆಗೆ ತೆಳ್ಳಗೆ ಹಚ್ಚಿ. ನೆಲಕ್ಕೆ ತಾಗುವ ಟ್ರೆಡ್ಡಿಗೂ ಬ್ರೇಕ್ ಡಿಸ್ಕಿಗೂ ಒಂದು ಹನಿ ಸಹ ಬೀಳಬಾರದು. ತೊಳೆದಾದ ಮೇಲೆ ಬೀದಿಯಲ್ಲೇ ನಿಧಾನ ಓಡಿಸಿ ಎರಡು ಮೂರು ಸಲ ಬ್ರೇಕು ಒತ್ತಿ ಡಿಸ್ಕು ಒಣಗಿಸಿಕೊಂಡು ಆಮೇಲೆ ಹೆದ್ದಾರಿಗೆ ಹೋಗಿ.

ಇಷ್ಟೆಲ್ಲ ಯಾಕೆ, ಟೈರೇ ತಾನೆ ಎನ್ನುತ್ತೀರಿ. ನಮ್ಮೂರಿನ ನರೈನ್ ಕಾರ್ತಿಕೇಯನ್ ಫಾರ್ಮುಲಾ ಒನ್‌ನಲ್ಲಿ ಅಂಕ ಗಳಿಸಿದ್ದು ಒಂದೇ ರೇಸಿನಲ್ಲಿ, 2005ರ ಜೂನ್ 19ರಂದು, ಇಂಡಿಯಾನಾಪೊಲಿಸ್‌ನಲ್ಲಿ. ಶುಕ್ರವಾರದ ಅಭ್ಯಾಸದಲ್ಲೇ ಮಿಶೆಲಿನ್ ಟೈರುಗಳು ಕೈಕೊಟ್ಟವು. ಒಂದು ಬದಿಗೆ ವಾಲಿದ ಅಲ್ಲಿನ ವೇಗದ ತಿರುವಿನಲ್ಲಿ ನಮ್ಮ ಟೈರು ತಾಳುತ್ತದೆಂದು ಹೇಳಲಾರೆವು ಎಂದು ಕಂಪನಿಯೇ ಕೈಚೆಲ್ಲಿತು. ಆ ಟೈರು ಹಾಕಿದ 14 ಕಾರುಗಳು ಒಂದು ಸುತ್ತು ಬಂದು ಗ್ಯಾರೇಜಿಗೆ ಹೊಕ್ಕವು. ಉಳಿದ ಆರೇ ಕಾರು ಓಡಿದವು, ನರೈನ್ ನಾಲ್ಕನೆಯವರಾಗಿ ಐದು ಅಂಕ ಪಡೆದರು. ಪ್ರೇಕ್ಷಕರ ಬೈಗುಳ ತಿಂದೂ ಜಗತ್ತಿನ ದೊಡ್ಡ ದೊಡ್ಡ ಚಾಲಕರು ಟೈರಿನ ಮೇಲೆ ನಂಬಿಕೆಯಿಲ್ಲವೆಂದು ಕಾರಿಂದ ಇಳಿದರು. ನೀವು ಅತ್ತಿಗೆ, ಮಕ್ಕಳನ್ನು ಕೂರಿಸಿಕೊಂಡು ದಿಂಬಂ ಇಳಿಯುತ್ತೀರಿ.

ಕೊನೆಗೆ, ಈ ಪತ್ರಕ್ಕೆ ಕಾರಣವಾದ ವಿಷಯ. ಮೊನ್ನೆ ನಿಮ್ಮ ಕಾರಿನ ಹಿಂದಿನ ಎಡಗಡೆ ಟೈರಿನ ಮೇಲೆ ಒದ್ದೆ ಬಟ್ಟೆಯಿಂದ ಅಂಗೈಯಗಲ ಜಾಗ ಒರೆಸಿದೆ. ಕೇಳದೆ ಮುಟ್ಟಿದ್ದಕ್ಕೆ ಬೈದುಕೊಳ್ಳಿ. ಕೊಳೆಯಡಿ ಗೋಡೆಯುದ್ದಕ್ಕೂ ಕೂದಲೆಳೆ ಬಿರುಕುಗಳು. ಉಗುರು ಆಡಿಸಿದರೆ ಸಿಕ್ಕಿಕೊಳ್ಳುವಷ್ಟು. ಪಕ್ಕದಲ್ಲಿ ಮೊಟ್ಟೆಯಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿ: 2215. 2015ನೇ ಇಸವಿಯ 22ನೇ ವಾರ ತಯಾರಾದ ಟೈರು. ಐದು ವರ್ಷ ದಾಟಿದರೆ ವರ್ಷಕ್ಕೊಮ್ಮೆ ತಜ್ಞರಿಗೆ ತೋರಿಸಿ, ಹತ್ತಾದರೆ ನೋಡಲು ಚೆನ್ನಾಗಿದ್ದರೂ ತೆಗೆದುಹಾಕಿ ಎನ್ನುವುದು ಟೈರು ಮಾಡುವವರೇ ಹೇಳುವ ಲೆಕ್ಕ. ಟ್ರೆಡ್ಡಿನ ಗೆರೆಗಳು ಇನ್ನೂ 1.6 ಮಿಲಿಮೀಟರಿಗಿಂತ ಆಳವಾಗಿವೆ ಎಂದು ವಾದಿಸಬೇಡಿ. ವಯಸ್ಸಿಗೂ ಸವೆತಕ್ಕೂ ಸಂಬಂಧವಿಲ್ಲ. ಉಳಿದ ಮೂರರ ಅಂಕಿಗಳನ್ನು ನಾನು ಓದಲಿಲ್ಲ, ಅವು ಇನ್ನೂ ನಿಮ್ಮ ಸಂಗ್ರಹಾಲಯದಲ್ಲಿವೆ. ಈ ಭಾನುವಾರ ತೊಳೆದು ನೀವೇ ಓದಿ, ಸ್ಟೆಪ್ನಿಯದನ್ನೂ ಬಿಡಬೇಡಿ. ಹಿಂದಿನ ಎಡಗಡೆಯದನ್ನು ಮಾತ್ರ ಭಾನುವಾರಕ್ಕೂ ಕಾಯದೆ ಬದಲಿಸಿ.

ದಸರೆಗೆ ಮೈಸೂರಿಗೆ ಜೊತೆಯಲ್ಲೇ ಹೋಗೋಣ ಎಂದು ಕರೆದಿದ್ದೀರಿ, ಸಂತೋಷ. ಟೈರು ಬದಲಾಗುವವರೆಗೆ ನಾನು ಬಸ್ಸಿನಲ್ಲಿ ಬರುತ್ತೇನೆ.

ಇಂತಿ,
ನಾಲ್ಕು ಮನೆ ಆಚೆಯವನು