ರಾಗಿ ಪೈರಿನ ಮೇಲೆ ಹತ್ತಿಯ ಹಿಮ

ಡಿಸೆಂಬರ್ ಕೊನೆಯಲ್ಲಿ ನಮ್ಮ ಬನ್ನಿಮಂಟಪದ ಬೀದಿಗೆ ನಿದ್ದೆ ಕಡಿಮೆ. ನಮ್ಮದು ಧನುರ್ಮಾಸದ ಮನೆ, ನಾಲ್ಕಕ್ಕೆ ಎದ್ದು ಹುಗ್ಗಿಗೆ ಹೆಸರುಬೇಳೆ ಹುರಿಯಬೇಕು. ಪಕ್ಕದ ಮನೆ ಟೀಚರ್ ಸಂಸಾರ ಸಂತ ಫಿಲೋಮಿನಾ ಚರ್ಚಿನಲ್ಲಿ ನಡುರಾತ್ರಿ ಪೂಜೆ ಮುಗಿಸಿ, ಕಂಡವರಿಗೆಲ್ಲ ಹಬ್ಬದ ಶುಭಾಶಯ ಹೇಳಿ, ಮನೆಗೆ ಬಂದು ಕೇಕ್ ಕತ್ತರಿಸಿ ಮಲಗುವ ಹೊತ್ತಿಗೆ ನಮ್ಮ ಅಡುಗೆಮನೆಯ ದೀಪ ಹತ್ತುತ್ತದೆ. "ನಿಮ್ಮ ದೇವರು ಬೇಗ ಎಬ್ಬಿಸ್ತಾನೆ, ನಮ್ಮ ಸ್ವಾಮಿ ಮಲಗೋಕೇ ಬಿಡಲ್ಲ" ಅನ್ನುವುದು ಟೀಚರ ವರ್ಷಾವಧಿ ಮಾತು.

ನಮ್ಮಿಬ್ಬರ ಪಾರ್ಲಿಮೆಂಟು ಸೇರುವುದು ಕಾಂಪೌಂಡ್ ಗೋಡೆಯ ಎರಡು ಬದಿಯಲ್ಲಿ. ಹಬ್ಬಕ್ಕೆ ಹತ್ತು ಹನ್ನೆರಡು ದಿನ ಇರುವಾಗ ಅವರು ಹಳೇ ತಟ್ಟೆಗಳಿಗೆ ಮಣ್ಣು ತುಂಬಿ ಆ ಗೋಡೆಯ ಮೇಲೆ ಸಾಲಾಗಿ ಇಡುತ್ತಾರೆ.

"ಏನ್ ಟೀಚರ್, ರಿಟೈರಾದ ಮೇಲೆ ಬೇಸಾಯವಾ?"

"ಗೋದಲಿಗೆ ಕಣ್ರೀ. ಈಗ ರಾಗಿ ಚೆಲ್ಲಿದ್ರೆ ಹಬ್ಬಕ್ಕೆ ಎರಡು ಬೆರಳು ಪೈರು ಬರುತ್ತೆ."

ಬೆತ್ಲೆಹೇಮಿನ ಹುಲ್ಲುಗಾವಲಿಗೆ ಮೈಸೂರಿನ ರಾಗಿ! ಅದರ ಮಧ್ಯೆ ಭತ್ತದ ಹುಲ್ಲು ಹೊದಿಸಿದ ಗುಡಿಸಲು, ಒಳಗೆ ಮರಿಯಮ್ಮ, ಜೋಸೆಫಪ್ಪ, ಹೊರಗೆ ಕುರುಬರು, ದೂರದಲ್ಲಿ ಒಂಟೆಯೊಂದಿಗೆ ಮೂವರು ರಾಜರು. ನಾವು ನವರಾತ್ರಿಗೆ ಗೊಂಬೆ ಕೂರಿಸುವುದಕ್ಕೂ ಇದಕ್ಕೂ ಹೆಚ್ಚು ದೂರವಿಲ್ಲ. ನಮ್ಮ ಗೊಂಬೆಗಳು ಮೆಟ್ಟಿಲ ಮೇಲೆ, ಅವರವು ನೆಲದ ಮೇಲೆ, ಅಷ್ಟೆ. ಒಂದು ವರ್ಷ ಅವರ ಗೋದಲಿಯ ಹಸುವಿನ ಕಾಲು ಮುರಿದಾಗ ನಮ್ಮ ದಸರಾ ಪೆಟ್ಟಿಗೆಯಿಂದ ಹಸು ಎರವಲು ಹೋಯಿತು. ಕೊಂಬಿಗೆ ಕೆಂಪು ಬಣ್ಣ, ಕೊರಳಿಗೆ ಗೆಜ್ಜೆ, ಹಣೆಗೆ ಕುಂಕುಮ. ಬಾಲಯೇಸುವಿನ ಪಕ್ಕದಲ್ಲಿ ಹಾಗೇ ಕೂತಿತು. ಯಾರೂ ತಕರಾರು ಮಾಡಲಿಲ್ಲ.

ಗೋದಲಿಯ ಹಿಂದೆ ಇರುವ ಕಥೆಯೂ ಇಂಥದ್ದೇ. ಇಟಲಿಯ ಗ್ರೆಚ್ಚೋ ಎಂಬ ಹಳ್ಳಿಯಲ್ಲಿ 1223ರ ಕ್ರಿಸ್‌ಮಸ್ ರಾತ್ರಿ ಅಸ್ಸಿಸಿಯ ಸಂತ ಫ್ರಾನ್ಸಿಸ್ ನಿಜವಾದ ಹುಲ್ಲು ಹಾಸಿ, ನಿಜವಾದ ಎತ್ತು ಕತ್ತೆ ತಂದು ನಿಲ್ಲಿಸಿದರಂತೆ. ಊರಿನ ಎತ್ತು, ಊರಿನ ಹುಲ್ಲು. ಅಂದಮೇಲೆ ಇಲ್ಲಿ ರಾಗಿ ಬಂದರೆ ತಪ್ಪೇನು? ನನಗೆ ಒಪ್ಪಿಗೆಯಾಗದ್ದು ಅದರ ಮೇಲೆ ಟೀಚರ ಮೊಮ್ಮಕ್ಕಳು ಹಿಂಜಿ ಉದುರಿಸುವ ಹತ್ತಿ.

"ಇದೇನಿದು?"

"ಹಿಮ."

"ಮಂಕಿ ಕ್ಯಾಪ್ ಹಾಕ್ಕೊಂಡ್ರೆ ಮುಗಿಯೋ ಚಳಿ ಮೈಸೂರಿಂದು. ಇಲ್ಲಿಗೆ ಹಿಮ ಯಾರು ತಂದ್ರು ಟೀಚರ್?"

"ಇನ್ಯಾರು, ಪರದೇಶದ ಸ್ವಾಮಿಗಳು" ಎಂದು ಅವರು ಬಹಳ ಸಲೀಸಾಗಿ ತಪ್ಪನ್ನು ಮಿಷನರಿಗಳ ತಲೆಗೆ ಕಟ್ಟಿದರು.

ಆದರೆ ಈ ಸೀಮೆಗೆ ಬಂದ ಪರದೇಶದ ಸ್ವಾಮಿಗಳಲ್ಲಿ ಎಲ್ಲರಿಗಿಂತ ವಿಚಿತ್ರದವರು ಹಿಮ ತಂದವರಲ್ಲ, ಇದ್ದದ್ದನ್ನೂ ಬಿಟ್ಟು ಬಂದವರು. ಫ್ರಾನ್ಸಿನ ಅಬ್ಬೆ ದುಬೊಯಿ 1792ರಲ್ಲಿ ಇಂಡಿಯಾಕ್ಕೆ ಬಂದವರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಚದುರಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಇತ್ತ ಬಂದು ಗಂಜಾಮ್ ಕಡೆ ನೆಲೆ ನಿಂತರು. ತಲೆಗೆ ರುಮಾಲು, ಮೈಗೆ ಇಲ್ಲಿಯ ಉಡುಪು, ಮಾಂಸ ಬಂದ್. ಜನ ಅವರನ್ನು ಕರೆದದ್ದು ದೊಡ್ಡಸ್ವಾಮಿಯವರು ಅಂತ. ಸಿಡುಬಿನ ದಾಕು ಹಾಕಿಸುವ ಕೆಲಸಕ್ಕೆ ನಿಂತು 1803-04ರಲ್ಲಿ 25,000ಕ್ಕೂ ಹೆಚ್ಚು ಜನರಿಗೆ ಹಾಕಿಸಿದರು. ಹಾಸನದ ಬಳಿ ಸತ್ತಿಹಳ್ಳಿಯಲ್ಲಿ ಬಡ ಕ್ರೈಸ್ತರಿಗೆ ಜಮೀನು ಕೊಡಿಸಿ ಬೇಸಾಯಕ್ಕೆ ಹಚ್ಚಿದರು. ನಮ್ಮ ಆಚಾರ ವಿಚಾರಗಳ ಮೇಲೆ ಅವರ ಹೆಸರಿನ ದಪ್ಪ ಪುಸ್ತಕ 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ಅದರಲ್ಲಿ ಬಹಳಷ್ಟು ಭಾಗ ಕೂರ್ದೂ ಎಂಬ ಹಿಂದಿನ ಜೆಸ್ಯೂಟ್ ಪಾದ್ರಿಯ ಹಸ್ತಪ್ರತಿಯಿಂದ ಎತ್ತಿದ್ದೆಂದು ವಿದ್ವಾಂಸರು ಆಮೇಲೆ ತೋರಿಸಿದರು.

"ಕಾಪಿ ಹೊಡೆದ್ರಾ!" ಟೀಚರ್ ಗೋಡೆಯ ಆಚೆಯಿಂದ ಅರ್ಧ ಮೇಲೆದ್ದರು. ಸಿಡುಬಿನ 25,000 ಜನ ಆ ಗಳಿಗೆಯಲ್ಲಿ ಲೆಕ್ಕಕ್ಕೇ ಬರಲಿಲ್ಲ. ಮೂವತ್ತು ವರ್ಷ ಪರೀಕ್ಷಾ ಹಾಲ್‌ಗಳಲ್ಲಿ ಸುತ್ತಿದ ಜೀವ.

ನನಗೆ ಈ ಮನುಷ್ಯ ಇಷ್ಟವಾಗುವುದು ಬೇರೆ ಕಾರಣಕ್ಕೆ. ಅಷ್ಟೆಲ್ಲ ಬಿಟ್ಟವರಿಗೆ ನಮ್ಮ ತಮಟೆ ಮಾತ್ರ ಸಹಿಸಲಾಗಲಿಲ್ಲ. ಈ ದೇಶದ ಕ್ರೈಸ್ತರ ಹಬ್ಬದ ಮೆರವಣಿಗೆಗಳ ಬಗ್ಗೆ 1823ರ ಪುಸ್ತಕದಲ್ಲಿ ನೊಂದುಕೊಂಡು ಬರೆದಿದ್ದಾರೆ: ರಾತ್ರಿ ಹೊತ್ತು ತೇರಿನ ಮೇಲೆ ಸಂತರ ಮೂರ್ತಿ, ಮೈತುಂಬ ಹೂವಿನ ಹಾರ, ಪಂಜು, ಬಾಣಬಿರುಸು, ಕಿವಿಗಡಚಿಕ್ಕುವ ವಾದ್ಯ. ಇದನ್ನು ಕಂಡಾಗಲೆಲ್ಲ ತನಗೆ ನಾಚಿಕೆಯಾಗುತ್ತಿತ್ತು ಅನ್ನುತ್ತಾರೆ. ಉಡುಪು ಬದಲಾಯಿತು, ಊಟ ಬದಲಾಯಿತು, ಕಿವಿ ಮಾತ್ರ ಫ್ರಾನ್ಸಿನದೇ ಉಳಿಯಿತು. ಸ್ವಾಮಿಗಳು ನಾಚಿಕೊಂಡರೆಂದು ಜನ ತಮಟೆ ಇಳಿಸಿದರೇ? ಇವತ್ತಿಗೂ ನಮ್ಮ ಕಡೆ ಸಂತರ ತೇರು ವಾದ್ಯವಿಲ್ಲದೆ ಹೊರಡುವುದಿಲ್ಲ. ಹಬ್ಬವನ್ನು ತಂದದ್ದು ಮಿಷನರಿಗಳೇ ಇರಬಹುದು, ಅದನ್ನು ಹೇಗೆ ಮಾಡಬೇಕೆಂದು ಗೊತ್ತುಮಾಡಿದ್ದು ಇಲ್ಲಿಯ ಹೆಂಗಸರು, ಬಡಗಿಗಳು, ವಾದ್ಯದವರು.

ನೂರು ವರ್ಷದ ಮೇಲೆ ಯೂರೋಪು ಇನ್ನೊಂದು ಕೈ ನೋಡಿತು. ನಾಲ್ವಡಿ ಕೃಷ್ಣರಾಜ ಒಡೆಯರು 1933ರ ಅಕ್ಟೋಬರ್ 28ರಂದು ಶಂಕುಸ್ಥಾಪನೆ ಮಾಡಿದ ನಮ್ಮ ಫಿಲೋಮಿನಾ ಚರ್ಚಿಗೆ ಜರ್ಮನಿಯ ಕಲೋನ್ ಪ್ರಧಾನಾಲಯವೇ ಮಾದರಿ. ನಕ್ಷೆ ಬರೆದದ್ದು ಡೇಲಿ ಎಂಬ ಫ್ರೆಂಚಿನವರು. 175 ಅಡಿಯ ಜೋಡಿ ಗೋಪುರ, ಬಣ್ಣದ ಗಾಜು, ಎಲ್ಲ ಅಲ್ಲಿಯದೇ. ಅದೇ ಜಾಗದಲ್ಲಿ ಮುಮ್ಮಡಿಯವರ ಕಾಲದ, 1843ರ ಹಳೆಯ ಚರ್ಚಿತ್ತು. ಇಷ್ಟು ಕಲ್ಲು ಗಾರೆ ಸೇರಿಸಿ ಒಂದು ಚೂರು ಯೂರೋಪು ಕಟ್ಟಿದರೆ, ನಮ್ಮವರು ನೆಲಮಾಳಿಗೆಯ ಸಂತ ಫಿಲೋಮಿನಾ ಸನ್ನಿಧಿಗೆ ಹರಕೆ ಹೊತ್ತು ಬಂದರು. ಟೀಚರ ಅತ್ತೆಯ ಕಾಲದಲ್ಲಿ ನಡುರಾತ್ರಿ ಪೂಜೆ ಲ್ಯಾಟಿನ್ನಿನಲ್ಲಿತ್ತು. 1960ರ ದಶಕದಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಒಪ್ಪಿಗೆ ಕೊಟ್ಟ ಮೇಲೆ ಕನ್ನಡಕ್ಕೆ ಬಂತು. "ನಮ್ಮತ್ತೆಗೆ ಆಗ ಬೇಜಾರಾಯ್ತಂತೆ. ಅರ್ಥ ಆಗೋಕೆ ಶುರುವಾದ್ಮೇಲೆ ಭಕ್ತಿ ಕಮ್ಮಿಯಾಯ್ತು ಅಂದಿದ್ರಂತೆ." ನಮ್ಮ ಮನೆಯ ಮಂತ್ರಗಳ ವಿಷಯಕ್ಕೆ ಮಾತು ಬರುವ ಮೊದಲೇ ನಾನು ಬೇರೆ ಸುದ್ದಿ ತೆಗೆದೆ.

ನಿಘಂಟಿನ ಕಿಟೆಲ್ಲರನ್ನು ಮರೆಯುವಂತಿಲ್ಲ. ಜರ್ಮನಿಯ ಆ ಬಾಸೆಲ್ ಮಿಷನರಿ 1862ರಲ್ಲೇ 'ಕಥಾಮಾಲೆ' ಎಂದು ಯೇಸುವಿನ ಕಥೆಯನ್ನು ನಮ್ಮ ಛಂದಸ್ಸಿನಲ್ಲಿ ಪದ್ಯ ಮಾಡಿದ್ದರು. ತಮಟೆಗೆ ಹೆದರದ ಕಿವಿ ಅದು.

ಇನ್ನು ತಿಂಡಿಯ ತಟ್ಟೆ. ಕರ್ಜಿಕಾಯಿ, ಚಕ್ಕುಲಿ, ಕಜ್ಜಾಯ ನಮ್ಮ ಗೌರಿ ಹಬ್ಬದವೇ. ಹೂವಿನ ಅಚ್ಚನ್ನು ಕಾದ ಎಣ್ಣೆಗೆ ಅದ್ದಿ ತೆಗೆಯುವ ಅಚ್ಚು ಮುರುಕು ಮಾತ್ರ ಅವರ ಕೈಗೇ ಸೈ. ಕೇಕನ್ನು ಕೊಡುವಾಗ, "ಇದು ನಿಮಗೇ ಅಂತ ಬೇರೆ ಮಾಡಿದ್ದು, ಮೊಟ್ಟೆ ಇಲ್ಲ" ಎಂದು ಗೋಡೆಯ ಮೇಲಿಂದ ಬೀದಿಗೆಲ್ಲ ಕೇಳುವಂತೆ ಹೇಳುತ್ತಾರೆ. ನಮ್ಮೆಜಮಾನರು ದೊಡ್ಡ ಕೇಕಿನ ಕಡೆಗೇ ನೋಡುತ್ತಿರುತ್ತಾರೆ. ತಟ್ಟೆ ಖಾಲಿ ಹಿಂತಿರುಗಿಸುವಂತಿಲ್ಲವಲ್ಲ, ಅದು ಸಂಕ್ರಾಂತಿವರೆಗೆ ನಮ್ಮಲ್ಲೇ ಇದ್ದು ಎಳ್ಳುಬೆಲ್ಲ ತುಂಬಿಕೊಂಡು ಹೋಗುತ್ತದೆ.

ದುಬೊಯಿ 1823ರಲ್ಲಿ ಫ್ರಾನ್ಸಿಗೆ ಮರಳಿದರು. ಹಿಂದೂಗಳನ್ನು ಮತಾಂತರಿಸುವುದು ಆಗದ ಮಾತು ಎಂದು ಬರೆದಿಟ್ಟು, ಪ್ಯಾರಿಸ್ಸಿನಲ್ಲಿ ತಮ್ಮ ಮಿಷನ್ನಿನ ಮುಖ್ಯಸ್ಥರಾಗಿದ್ದು, 1848ರಲ್ಲಿ ತೀರಿಕೊಂಡರು. ಇದನ್ನು ಹೇಳಿದಾಗ ಟೀಚರಿಗೆ ಕಾಪಿ ಹೊಡೆದ ಸಿಟ್ಟೂ ಇಳಿದಿತ್ತು.

"ಮೂವತ್ತು ವರ್ಷ ಅನ್ನ ತಿಂದು ಅಭ್ಯಾಸ ಆದೋರು. ಅಲ್ಲಿ ಹಬ್ಬದ ದಿನ ಒಂದು ತೊಟ್ಟು ಹುಳಿ ಮಾಡಿಕೊಡೋಕೆ ಯಾರಿದ್ರು ಹೇಳಿ?"