ಗೆಜ್ಜೆವಸ್ತ್ರದ ಕ್ರಿಸ್‌ಮಸ್

ಅರವಂಕಾಡು ಅಂದರೆ ಹೊರಗಿನವರಿಗೆ ಎರಡೇ ಗುರುತು. ಊಟಿಯ ಪುಟಾಣಿ ರೈಲು ವೆಲ್ಲಿಂಗ್ಟನ್ ದಾಟಿ ಕೇತಿಗೆ ಏರುವ ಮುನ್ನ ಸಿಗುವ ಸ್ಟೇಷನ್ ಒಂದು, 120 ವರ್ಷ ದಾಟಿಯೂ ಸಿಡಿಮದ್ದು ತಯಾರಿಸುತ್ತಲೇ ಇರುವ ಕಾರ್ಡೈಟ್ ಫ್ಯಾಕ್ಟರಿ ಇನ್ನೊಂದು. ನಮ್ಮ ಮಾವ ದುಡಿದು ನಿವೃತ್ತರಾದದ್ದು ಆ ಫ್ಯಾಕ್ಟರಿಯಲ್ಲೇ. ಆದರೂ ನಮ್ಮ ಮನೆಯಲ್ಲಿ ಸಿಡಿಯುವವರು ಅತ್ತೆ ಮಾತ್ರ, ಅದೂ ಯಾರಾದರೂ ಗಿಫ್ಟ್ ಪೇಪರನ್ನು ಪರ್ರನೆ ಹರಿದಾಗ.

ಹುಟ್ಟುಹಬ್ಬದ ದಿನ ಉಡುಗೊರೆ ಬಿಚ್ಚುವ ಅಧಿಕಾರ ನಮ್ಮ ಮನೆಯ ಮಕ್ಕಳಿಗಿಲ್ಲ. ಅತ್ತೆ ಕನ್ನಡಕ ಏರಿಸಿ, ಚಾಕುವಿನ ತುದಿಯಲ್ಲಿ ಟೇಪಿನ ಅಂಚನ್ನು ಮೆಲ್ಲಗೆ ಎಬ್ಬಿಸುತ್ತಾರೆ. ಮಗು ಅಳು ನುಂಗಿಕೊಂಡು ಕಾಯುತ್ತದೆ. ಒಳಗೇನಿದೆ ಅನ್ನುವುದು ಆಮೇಲಿನ ಮಾತು, ಮೊದಲು ಪೇಪರ್ ಸುಖವಾಗಿ ಬಿಡುಗಡೆ ಆಗಬೇಕು. ಹಿಂಗಾರು ಮಳೆ ಹಿಡಿದರೆ ಹಪ್ಪಳ ಡಬ್ಬಿಯಲ್ಲೇ ಮೆತ್ತಗಾಗುವ ಊರು ಇದು. ಆ ತೇವಕ್ಕೆ ಟೇಪು ಸರಿಯಾಗಿ ಅಂಟುವುದಿಲ್ಲ ಎಂದು ಎಲ್ಲರೂ ಗೊಣಗಿದರೆ, ಅತ್ತೆ ಮಾತ್ರ ಅದನ್ನು ದೇವರ ಕೃಪೆ ಅಂತಾರೆ. ಬಿಡಿಸಿದ ಪೇಪರಿನ ಮೇಲೆ ಹಳೇ ಪಂಚೆ ಹಾಸಿ, ಹದವಾದ ಬಿಸಿಯಲ್ಲಿ ಇಸ್ತ್ರಿ ಮಾಡಿ, ಹಾಸಿಗೆ ಕೆಳಗೆ ಮಲಗಿಸುತ್ತಾರೆ. ಹುಳ ಬರದಿರಲೆಂದು ಬದಿಯಲ್ಲಿ ನೀಲಗಿರಿ ಎಣ್ಣೆ ಅದ್ದಿದ ಹತ್ತಿ. ಹಾಗಾಗಿ ನಾವು ಕೊಡುವ ಉಡುಗೊರೆ ಯಾವುದೇ ಇರಲಿ, ನೆಗಡಿಗೆ ಮದ್ದು ಕೊಟ್ಟ ಹಾಗೆ ಘಮಘಮಿಸುತ್ತದೆ.

ಒಂದು ಪೇಪರ್ ಎಷ್ಟು ಮನೆ ತಿರುಗಬಹುದು? ಬಲೂನು ಚಿತ್ರದ ನೀಲಿ ಪೇಪರೊಂದು ಕ್ವಾರ್ಟರ್ಸಿನ ಸುಮಾರು ಮಕ್ಕಳ ಹುಟ್ಟುಹಬ್ಬಕ್ಕೆ ಹೋಗಿ ಬಂತು. ಪ್ರತಿ ಸಲವೂ ಅಂಚಿನಲ್ಲಿ ಒಂದು ಬೆರಳಿನಷ್ಟು ಸವೆದು, ಜಾಮಿಟ್ರಿ ಬಾಕ್ಸ್ ಸುತ್ತುತ್ತಿದ್ದದ್ದು ಕೊನೆಗೆ ರಬ್ಬರ್ ಸುತ್ತುವ ಮಟ್ಟಕ್ಕೆ ಇಳಿಯಿತು. ಆಗಲೂ ಅತ್ತೆ ಅದನ್ನು ಬಿಸಾಡಲಿಲ್ಲ, ದಸರಾ ಬೊಂಬೆಗಳ ಪಾರ್ಕಿಗೆ ಕೊಳ ಮಾಡಿದರು.

ಈ ಬಣ್ಣದ ಕಾಗದದ ಚಾಳಿ ಶುರುವಾದ ಕತೆಯೂ ಇಂಥದೇ ಅಡ್ಜಸ್ಟ್‌ಮೆಂಟಿನದು. 1917ರ ಕ್ರಿಸ್‌ಮಸ್ ಹೊತ್ತಿಗೆ ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಹಾಲ್ ಸೋದರರ ಅಂಗಡಿಯಲ್ಲಿ ಉಡುಗೊರೆ ಸುತ್ತುವ ಟಿಶ್ಯೂ ಕಾಗದ ಮುಗಿದುಹೋಯಿತಂತೆ. ಲಕೋಟೆಯ ಒಳಗೆ ಅಂಟಿಸುವ ಫ್ರಾನ್ಸಿನ ಚಿತ್ತಾರದ ಕಾಗದ ಇತ್ತು, ಅದನ್ನೇ ಇಟ್ಟರು, ಬಿಸಿ ದೋಸೆ ಖರ್ಚಾದಂತೆ ಖರ್ಚಾಯಿತು. ಆ ಅಂಗಡಿಯೇ ಮುಂದೆ ಹಾಲ್‌ಮಾರ್ಕ್ ಆಯಿತು. ಇದನ್ನು ಹೇಳಿದರೆ ಅತ್ತೆ ಕೇಳಿದ ಪ್ರಶ್ನೆ ಒಂದೇ: "ಅವತ್ತು ತಗೊಂಡೋರು ವಾಪಸ್ ಮಡಚಿ ಇಟ್ಕೊಂಡ್ರಾ?"

ಪ್ಲಾಸ್ಟಿಕ್ಕಿನ ವಿಷಯದಲ್ಲಿ ಸರ್ಕಾರವೂ ಅತ್ತೆಯ ಕಡೆಗಿದೆ. ತಮಿಳುನಾಡಿನಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿಗೆ 2019ರ ಜನವರಿ 1ರಿಂದ ನಿಷೇಧ. ನೀಲಗಿರಿಯಲ್ಲಿ ಬಿಗಿ ಅದಕ್ಕೂ ಮೊದಲಿನದು. ಮೈಸೂರಿನಿಂದ ಬರುವಾಗ ನನ್ನ ನಾದಿನಿ ಸ್ಟೀಲಿನ ಊಟದ ಡಬ್ಬಿಗೆ ಮಿರಮಿರ ಪ್ಲಾಸ್ಟಿಕ್ ಸುತ್ತಿಸಿ ಮೇಲೆ ರಿಬ್ಬನ್ನಿನ ಹೂ ಮಾಡಿಸಿದ್ದಳು. ಕಕ್ಕನಹಳ್ಳದ ಚೆಕ್‌ಪೋಸ್ಟಿನಲ್ಲಿ ಕಾರಿನೊಳಗೆ ಇಣುಕಿದವರು ಅದನ್ನು ಬಿಚ್ಚಿಸಿಯೇ ಬಿಟ್ಟರು. ಡಬ್ಬಿ ಬರಿಮೈಯಲ್ಲಿ ಕಲ್ಹಟ್ಟಿ ಘಾಟು ಹತ್ತಿ ಬಂತು. ಅತ್ತೆಗೆ ಸಂಕಟವಾದದ್ದು ಪ್ಲಾಸ್ಟಿಕ್ಕಿಗಲ್ಲ. "ರಿಬ್ಬನ್ ಬಟ್ಟೇದು ಕಣೇ, ಅದನ್ನಾದರೂ ಕೇಳಿ ಇಸ್ಕೊಂಡು ಬರಬಾರದಿತ್ತಾ?"

ಅವತ್ತಿನಿಂದ ನಮ್ಮ ಮನೆಯಲ್ಲಿ ಬ್ಲೌಸ್ ಪೀಸ್ ಯುಗ. ಅರಿಶಿನ ಕುಂಕುಮಕ್ಕೆ ಕರೆದು ಕೊಡುವ ಬ್ಲೌಸ್ ಪೀಸನ್ನು ಹೊಲಿಸಿದವರನ್ನು ನಾನಂತೂ ಕಂಡಿಲ್ಲ. ಅದು ಹುಟ್ಟಿರುವುದೇ ಕೈಯಿಂದ ಕೈಗೆ ದಾಟಲಿಕ್ಕೆ. ಹೇಗೂ ದಾಟುತ್ತದಲ್ಲ, ಹೊಟ್ಟೆಯಲ್ಲೊಂದು ಉಡುಗೊರೆ ಇಟ್ಟುಕೊಂಡೇ ದಾಟಲಿ ಅನ್ನುವುದು ಅತ್ತೆಯ ವಾದ. ಜಪಾನಿನವರು ಹೀಗೆ ಬಟ್ಟೆಯಲ್ಲಿ ಗಂಟು ಕಟ್ಟುವುದಕ್ಕೆ ಫುರೋಶಿಕಿ ಅನ್ನುತ್ತಾರೆ. ಜನ ಅದನ್ನು ಮರೆಯುತ್ತಿದ್ದಾರೆಂದು 2006ರಲ್ಲಿ ಅಲ್ಲಿನ ಪರಿಸರ ಸಚಿವೆ ಯುರಿಕೊ ಕೊಯಿಕೆ ತಾವೇ ಒಂದು ಫುರೋಶಿಕಿ ಮಾಡಿಸಿ ಪ್ರಚಾರಕ್ಕೆ ನಿಂತರು. ನಮ್ಮಲ್ಲಿ ಸಚಿವರು ಬೇಕಾಗಿಲ್ಲ, ಅತ್ತೆ ಇದ್ದಾರೆ. ಅವರು ಕೊಡುವ ಪ್ರತಿ ಪೀಸಿನ ಮೂಲೆಯಲ್ಲೂ ಕೆಂಪು ದಾರದ ಸಣ್ಣ ಹೊಲಿಗೆ ಇರುತ್ತದೆ, ವಾಪಸ್ ಬಂದಾಗ ಗುರುತಿಗೆ. ಕೂನೂರಿಗೆ ಹೋದ ಹಸಿರು ಪೀಸು ವೆಲ್ಲಿಂಗ್ಟನ್ ಸುತ್ತಿ ತವರಿಗೆ ಮರಳಿದ ದಿನ ಮನೆಯಲ್ಲಿ ಪಾಯಸ.

ಅಲಂಕಾರಕ್ಕೂ ದುಡ್ಡು ಬಿಚ್ಚುವ ಪೈಕಿ ಅಲ್ಲ ಅತ್ತೆ. ರಸ್ತೆ ಬದಿಯಲ್ಲಿ ಉದುರುವ ನೀಲಗಿರಿ ಕಾಯಿ, ಪೈನ್ ಕಾಯಿ ಆಯ್ದು, ಸುಣ್ಣ ಬಳಿದು, ದಾರಕ್ಕೆ ಪೋಣಿಸಿದರೆ ವರ್ಷಗಟ್ಟಲೆ ಬಾಳುವ ತೋರಣ. ಡಿಸೆಂಬರ್ ಕೊನೆ, ಜನವರಿಯ ಹೊತ್ತಿಗೆ ಹೆತ್ತೆ ಹಬ್ಬಕ್ಕೆಂದು ಬಡಗರು ಬಿಳಿ ಬಟ್ಟೆಯಲ್ಲಿ ಬೇರಗಣಿಗೆ ಸಾಲಾಗಿ ನಡೆಯುವುದನ್ನು ನೋಡಿ, "ಎಲ್ಲರದೂ ಒಂದೇ ಬಣ್ಣ, ಎಷ್ಟು ಲಕ್ಷಣ! ಮ್ಯಾಚಿಂಗ್ ಹುಡುಕೋ ಗೋಳೇ ಇಲ್ಲ" ಎಂದು ನನ್ನ ಬೀರುವಿನ ಕಡೆ ಒಂದು ನೋಟ ಬೀರುತ್ತಾರೆ. ಹಾಗೆಂದು ಪುಕ್ಕಟೆ ಅಲಂಕಾರವೆಲ್ಲ ಒಳ್ಳೆಯದೇ ಎಂದು ನಾನು ಒಪ್ಪುವುದಿಲ್ಲ. ತೋಟಕ್ಕೆ ಅಂದವೆಂದು ಇಂಗ್ಲಿಷರು ತಂದ ಲಂಟಾನ ಇವತ್ತು ಮುದುಮಲೆ ಕಾಡಿನ ತುಂಬ ಹಬ್ಬಿದೆ; ಕಿತ್ತಷ್ಟೂ ಮತ್ತೆ ಬರುವ ಇಂಥ ಬಾಳಿಕೆಯ ಅಲಂಕಾರ ಯಾರಿಗೂ ಬೇಡ. ಗೂಡಲೂರು ಕಡೆಯ ಆದಿವಾಸಿಗಳು ಅದೇ ಕಡ್ಡಿಗಳಲ್ಲಿ ಆಳೆತ್ತರ ಮೀರಿದ ಆನೆಗಳನ್ನು ಕಟ್ಟಿದರು. 2021ರಲ್ಲಿ ಅವು ಲಂಡನ್ನಿನ ಪಾರ್ಕುಗಳಲ್ಲಿ ನಿಂತವು. ಇಂಗ್ಲಿಷರ ಉಡುಗೊರೆಯನ್ನು ಅವರಿಗೇ ವಾಪಸ್ ಕೊಟ್ಟದ್ದು ಅತ್ತೆಯ ಮನಸ್ಸಿಗೆ ಬಹಳ ಒಪ್ಪಿತು.

ಕಳೆದ ಕ್ರಿಸ್‌ಮಸ್ಸಿಗೆ ಪಕ್ಕದ ಮನೆಯ ಟೀಚರಮ್ಮ ಸೈಪ್ರಸ್ ಕೊಂಬೆಯೊಂದನ್ನು ಬಕೆಟ್ಟಿನಲ್ಲಿ ನಿಲ್ಲಿಸಿ, ಹಿಮಕ್ಕೆ ಏನು ಮಾಡಲಿ ಎಂದು ಕೇಳಲು ಬಂದರು. ಅತ್ತೆ ರಾತ್ರಿಯೆಲ್ಲ ಕೂತು ಮಾರುದ್ದದ ಗೆಜ್ಜೆವಸ್ತ್ರ ಹೊಸೆದರು. ಬೆಳಿಗ್ಗೆ ಮರ ಬೆಳ್ಳಗೆ ತೂಗುತ್ತಿತ್ತು, ಅಭ್ಯಾಸಬಲದಿಂದ ನಡುನಡುವೆ ಕುಂಕುಮದ ಬೊಟ್ಟು.

"ಮಾಮಿ, ರೊಂಬ ಅಳಗಾ ಇರುಕ್ಕು!" ಅಂದರು ಟೀಚರಮ್ಮ. "ಅಡುತ್ತ ವರುಷಕ್ಕೂ ಇಡಬಹುದಾ?"

ಅತ್ತೆಗೆ ಧರ್ಮಸಂಕಟ. ದೇವರಿಗೆ ಏರಿಸಿದ ಗೆಜ್ಜೆವಸ್ತ್ರ ನಿರ್ಮಾಲ್ಯ, ಮತ್ತೆ ಏರಿಸುವಂತಿಲ್ಲ. ಆದರೆ ಇದನ್ನು ಏರಿಸಿದ್ದು ಮರಕ್ಕೆ. ಅಶ್ವತ್ಥವಾದರೆ ಬೇರೆ ಮಾತು, ಸೈಪ್ರಸ್ಸಿಗೆ ಅಂಥ ಶಾಸ್ತ್ರವಿಲ್ಲ. ಹಾಗಾಗಿ ನಿರ್ಮಾಲ್ಯವಲ್ಲ, ಮಡಚಿ ಇಡಬಹುದು ಎಂದು ತೀರ್ಪಾಯಿತು.

ಅಷ್ಟರಲ್ಲಿ ಮಾವ ಬಂದರು. ಹತ್ತಿಯ ಮೇಲೆ ಮಿಣಮಿಣ ಸೀರಿಯಲ್ ಲೈಟ್, ಬುಡದಲ್ಲಿ ಮೇಣದಬತ್ತಿ. ಹಳೆಯ ಕಾರ್ಡೈಟಿನ ಅರ್ಧ ಗುಟ್ಟು ಹತ್ತಿಯಲ್ಲೇ ಇದೆ: ಆಮ್ಲದಲ್ಲಿ ನೆನೆಸಿದ ಹತ್ತಿಗೆ ನೈಟ್ರೋಗ್ಲಿಸರಿನ್ ಸೇರಿಸಿ, ನೂರಕ್ಕೆ 5 ಪಾಲು ವ್ಯಾಸಲೀನ್ ಬೆರೆಸಿ, ಹುರಿಯಂತೆ ಹೊಸೆಯುತ್ತಿದ್ದದ್ದು. ಬೆಂಕಿಪೆಟ್ಟಿಗೆ ಒಯ್ಯಬಾರದ ಗೇಟಿನೊಳಗೆ ಆಯುಷ್ಯ ಕಳೆದ ಮನುಷ್ಯ ಅವರು. ಆ ನೆಪದಲ್ಲಿ ಇವತ್ತಿಗೂ ಕಾಫಿಗೆ ಒಲೆ ಹಚ್ಚುವುದಿಲ್ಲ. "ಮೊದಲು ಮೇಣದಬತ್ತಿ ತೆಗೀರಿ!" ಎಂದು ಆಜ್ಞೆಯಾಯಿತು. ಆಮೇಲೆ ಎಲ್ಲಿಂದಲೋ ಒಂದು ಕೆಂಪು ಬಕೆಟ್ ತುಂಬ ಮರಳು ತಂದು, ಗೋದಲಿಯ ಬಾಲ ಯೇಸುವಿನ ಪಕ್ಕದಲ್ಲೇ ಇಟ್ಟರು. ತೆಗೆಯಲು ಯಾರಿಗೂ ಧೈರ್ಯ ಬರಲಿಲ್ಲ. ಕೊನೆಗೆ ಮಕ್ಕಳು ಅದಕ್ಕೂ ಅತ್ತೆಯ ಹಾಸಿಗೆ ಕೆಳಗಿನ ಜರಿ ಪೇಪರ್ ಸುತ್ತಿದರು.

ರಾತ್ರಿ ಕ್ಯಾರಲ್ ಹಾಡಲು ಬಂದವರಲ್ಲಿ ಹಿರಿಯರೊಬ್ಬರು ಬಕೆಟ್ಟಿನ ಮುಂದೆ ಒಂದು ಗಳಿಗೆ ನಿಂತು, ಮರಳಿನ ಮೇಲೆ ಹತ್ತು ರೂಪಾಯಿ ನಾಣ್ಯ ಇಟ್ಟರು. ಹಿಂದಿದ್ದವರೂ ಇಟ್ಟರು. ಮುಂದಿನ ವರ್ಷದ ಹತ್ತಿಗೆ ಆಯಿತೆಂದು ಅತ್ತೆ ಲೆಕ್ಕ ಹಾಕುವಷ್ಟರಲ್ಲಿ ಟೀಚರಮ್ಮ ಅದನ್ನೆಲ್ಲ ಬಳಿದು ಚರ್ಚಿನ ಹುಂಡಿಗೆಂದು ಎತ್ತಿಟ್ಟರು. ಬಕೆಟ್ಟಿಗೆ ಸುತ್ತಿದ್ದ ಜರಿ ಪೇಪರನ್ನು ಮಾತ್ರ ಅತ್ತೆ ಬಿಡಲಿಲ್ಲ.